ನರ ಸುಡುವ ಚಿಕಿತ್ಸೆಯಿಂದ ಸೊಂಟನೋವು ಹೋಗುತ್ತದೆಯೇ?

ಪ್ರಶ್ನೆ: ನನ್ನ ತಾಯಿಗೆ 62 ವರ್ಷ. ನಾಲ್ಕು ವರ್ಷಗಳಿಂದ ಸೊಂಟನೋವಿದೆ. ನೋವು ಕಾಲಿಗೆ ಇಳಿಯುವುದಿಲ್ಲ. ಬೆನ್ನುಮೂಳೆಯ ಕೀಲು ಸವೆದಿದೆ, ಮೊದಲು ಪರೀಕ್ಷೆಗಾಗಿ ಇಂಜೆಕ್ಷನ್ ಕೊಟ್ಟು ಆಮೇಲೆ ರೇಡಿಯೋ ಫ್ರೀಕ್ವೆನ್ಸಿಯಿಂದ ನರ ಸುಡೋಣ ಎಂದು ವೈದ್ಯರು ಹೇಳಿದ್ದಾರೆ. ನರ ಸುಟ್ಟರೆ ಕಾಲಿನ ಬಲ ಹೋಗುವುದಿಲ್ಲವೇ? ಇದರಿಂದ ನಿಜಕ್ಕೂ ಉಪಯೋಗವಿದೆಯೇ?
— ಓದುಗರೊಬ್ಬರು, ಹಾಸನ

ಉತ್ತರ: ‘ನರ ಸುಡುವುದು’ ಎಂಬ ಮಾತೇ ಹೆದರಿಸುವಂಥದ್ದು. ಆದರೆ ಇಲ್ಲಿ ಸುಡುವುದು ಕಾಲಿಗೆ ಹೋಗುವ ನರವನ್ನಲ್ಲ. ಬೆನ್ನುಮೂಳೆಯ ಹಿಂಬದಿಯ ಫೇಸೆಟ್ ಕೀಲುಗಳಿಂದ ನೋವಿನ ಸುದ್ದಿಯನ್ನು ಒಯ್ಯುವ ಸಣ್ಣ ಕವಲುಗಳನ್ನು. ಎಕ್ಸ್-ರೇ ಪರದೆ ನೋಡುತ್ತ ಸೂಜಿ ಇಳಿಸಿ, ತುದಿಯನ್ನು ಸುಮಾರು 80 ಡಿಗ್ರಿ ಸೆಲ್ಸಿಯಸ್‌ಗೆ ಒಂದೆರಡು ನಿಮಿಷ ಕಾಯಿಸುತ್ತಾರೆ. ಆ ಕವಲು ತಿಂಗಳುಗಳಲ್ಲಿ ಮತ್ತೆ ಚಿಗುರುವುದರಿಂದ, ಸಿಕ್ಕ ಉಪಶಮನವೂ ಶಾಶ್ವತವಲ್ಲ.

ಸ್ಕ್ಯಾನಿನಲ್ಲಿ ಸವೆತ ಕಂಡಮಾತ್ರಕ್ಕೆ ನೋವು ಅಲ್ಲಿಂದಲೇ ಬರುತ್ತಿದೆ ಎನ್ನಲಾಗದು. ನೋವೇ ಇಲ್ಲದವರಲ್ಲೂ ಈ ವಯಸ್ಸಿಗೆ ಸವೆತ ಸಾಮಾನ್ಯ. ಆದ್ದರಿಂದಲೇ ಪರೀಕ್ಷೆಯ ಇಂಜೆಕ್ಷನ್ ಮುಖ್ಯ. ಅದು ಕವಲನ್ನು ಕೆಲವು ಗಂಟೆ ಮಾತ್ರ ಮರಗಟ್ಟಿಸುತ್ತದೆ. ಆ ಹೊತ್ತಿನಲ್ಲಿ ತಾಯಿಯವರನ್ನು ಮಲಗಿಸಿಬಿಡಬೇಡಿ. ವೈದ್ಯರು ಒಪ್ಪಿದರೆ, ನೆಲದಿಂದ ಏಳುವುದು, ಬಟ್ಟೆ ಒಣಹಾಕುವುದು ಮುಂತಾಗಿ ಎಂದಿನಂತೆ ನೋಯಿಸುವ ಕೆಲಸಗಳನ್ನೇ ಮಾಡಿಸಿ, ಅರ್ಧ ಗಂಟೆಗೊಮ್ಮೆ ನೋವಿಗೆ ಹತ್ತಕ್ಕೆ ಎಷ್ಟು ಅಂಕವೆಂದು ಬರೆದಿಡಿ. ಅಂಕ ಇಳಿಯದಿದ್ದರೆ ಸುಡುವ ಮಾತನ್ನು ಅಲ್ಲಿಗೇ ಕೈಬಿಡುವುದು ಲೇಸು.

ಇನ್ನು ಉಪಯೋಗದ ಮಾತು. ನೆದರ್ಲೆಂಡ್ಸಿನಲ್ಲಿ 681 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಮೂರು ಪ್ರಯೋಗಗಳಲ್ಲಿ, ವ್ಯಾಯಾಮದ ಜೊತೆಗೆ ಈ ಚಿಕಿತ್ಸೆಯನ್ನೂ ಪಡೆದವರಿಗೂ ಬರೀ ವ್ಯಾಯಾಮ ಮಾಡಿದವರಿಗೂ ಮೂರು ತಿಂಗಳ ನಂತರ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಫೇಸೆಟ್ ಕೀಲಿನ ಗುಂಪಿನಲ್ಲಂತೂ ಅದು ಹತ್ತರಲ್ಲಿ ಕಾಲು ಅಂಕಕ್ಕಿಂತಲೂ ಕಡಿಮೆ. ರೋಗಿಗಳ ಆಯ್ಕೆ ಬಿಗಿಯಾಗಿರಲಿಲ್ಲ, ಸೂಜಿ ತೆಳುವಾಗಿತ್ತು ಎಂದು ಹಲವು ತಜ್ಞರು ಆಕ್ಷೇಪಿಸಿದ್ದಾರೆ, ಅದರಲ್ಲಿ ಹುರುಳಿಲ್ಲದಿಲ್ಲ. ಬ್ರಿಟನ್ನಿನ 2016ರ ಮಾರ್ಗಸೂಚಿಯಂತೂ ಬೇರೆ ಚಿಕಿತ್ಸೆಗಳು ಫಲಿಸದೆ, ನೋವು ಹತ್ತಕ್ಕೆ ಐದಾದರೂ ಇದ್ದು, ಪರೀಕ್ಷೆಯ ಇಂಜೆಕ್ಷನ್ನಿನಿಂದ ನೋವು ತಗ್ಗಿದವರಿಗೆ ಮಾತ್ರ ಇದನ್ನು ಪರಿಗಣಿಸಬಹುದು ಎನ್ನುತ್ತದೆ.

ತಾಯಿಯವರು ಈವರೆಗೆ ಫಿಸಿಯೋಥೆರಪಿಸ್ಟರ ಬಳಿ ಕೆಲವು ತಿಂಗಳಾದರೂ ಬಿಡದೆ ವ್ಯಾಯಾಮ ಮಾಡಿರದಿದ್ದರೆ, ನಾನಾದರೆ ಇಂಜೆಕ್ಷನ್ನನ್ನು ಮುಂದಕ್ಕೆ ಹಾಕುತ್ತಿದ್ದೆ. ಮಾಡಿಸುವುದೇ ಆದರೆ, ರಕ್ತ ತೆಳುವಾಗಿಸುವ ಮಾತ್ರೆ ಅಥವಾ ಪೇಸ್‌ಮೇಕರ್ ಇದ್ದಲ್ಲಿ ವೈದ್ಯರಿಗೆ ಮೊದಲೇ ತಿಳಿಸಿ.