ಅರ್ಧ ಬರೆದ ಕೋಡನ್ನೂ ಓದುವ ಪಾರ್ಸರ್ ಬೇಕು
ಕೋಡ್ ಅರ್ಧಕ್ಕೇ ಇದ್ದಾಗ ನಿಮ್ಮ ಪಾರ್ಸರ್ (ಕೋಡನ್ನು ಓದಿ ಅದರ ರಚನೆಯನ್ನು ಮರದಂಥ ಟ್ರೀಯಾಗಿ ಕಟ್ಟುವ ಪ್ರೋಗ್ರಾಂ) ಮೊದಲ ತಪ್ಪಿಗೇ ನಿಂತುಬಿಡುತ್ತದೆ, ಎಡಿಟರ್‌ನಲ್ಲಿ ಆಟೋಕಂಪ್ಲೀಟ್ ಬರುವುದೇ ಇಲ್ಲ, ಏನು ಮಾಡಲಿ ಅಂತ ಕೇಳಿದ್ದೀರಿ. ನಾನೂ ಇಲ್ಲೇ ತುಂಬಾ ದಿನ ಸಿಕ್ಕಿಕೊಂಡಿದ್ದೆ.

ಎಡಿಟರ್‌ಗೆ ಸಿಗುವ ಕೋಡ್ ಹೆಚ್ಚಿನ ಹೊತ್ತು ಅರೆಬರೆಯೇ. 'ಗ್ರಾಹಕ.' ಅಂತ ಚುಕ್ಕೆ ಇಟ್ಟ ತಕ್ಷಣ ಆಯ್ಕೆಗಳ ಪಟ್ಟಿ ಬರಬೇಕು, ಅಲ್ವಾ? ಹಾಗಾಗಿ ತಪ್ಪು ಕಂಡಾಗ ಎಕ್ಸೆಪ್ಶನ್ ಎಸೆದು ಅಲ್ಲೇ ನಿಲ್ಲಬೇಡಿ. ಚುಕ್ಕೆಯ ನಂತರ ಹೆಸರಿಲ್ಲವಾ? ಟ್ರೀಯಲ್ಲಿ ಆ ಜಾಗಕ್ಕೆ ಒಂದು ಖಾಲಿ ನೋಡ್ (ಟ್ರೀಯ ಒಂದು ಗಂಟು) ಇಡಿ, ತಪ್ಪನ್ನು ಬೇರೆ ಪಟ್ಟಿಗೆ ಸೇರಿಸಿ, ಮುಂದೆ ಹೋಗಿ. ತೀರಾ ಗೊಂದಲವಾದರೆ ಮುಂದಿನ ಸೆಮಿಕೋಲನ್ ಸಿಗುವವರೆಗಿನ ಟೋಕನ್‌ಗಳನ್ನೆಲ್ಲ (ಹೆಸರು, ಚಿಹ್ನೆಗಳಂಥ ಕೋಡಿನ ಬಿಡಿ ತುಂಡುಗಳು) ಒಂದು ಎರರ್ ನೋಡ್‌ಗೆ ಹಾಕಿ. ಸ್ಪೇಸ್, ಕಾಮೆಂಟ್ ಕೂಡ ಟ್ರೀಯಲ್ಲೇ ಇರಲಿ. ರೋಸ್ಲಿನ್ (ಸಿ# ಭಾಷೆಯ ಕಂಪೈಲರ್), ರಸ್ಟ್-ಅನಲೈಸರ್ (ರಸ್ಟ್ ಭಾಷೆಗೆ ಎಡಿಟರ್‌ನಲ್ಲಿ ನೆರವಾಗುವ ಟೂಲ್) ಎರಡೂ ಹೆಚ್ಚುಕಡಿಮೆ ಹೀಗೇ ಮಾಡುತ್ತವೆ.

ಇನ್‌ಕ್ರಿಮೆಂಟಲ್ ಪಾರ್ಸಿಂಗ್‌ಗೆ (ಬದಲಾದ ಭಾಗವನ್ನಷ್ಟೇ ಮತ್ತೆ ಪಾರ್ಸ್ ಮಾಡುವುದು) ಈಗಲೇ ಕೈ ಹಾಕಬೇಡಿ. ಸುಮ್ನೆ ಪೂರ್ತಿ ಫೈಲನ್ನು ಮತ್ತೆ ಪಾರ್ಸ್ ಮಾಡಿ. ಸಾಮಾನ್ಯವಾಗಿ ಜಾಸ್ತಿ ಸಮಯ ಹಿಡಿಯುವುದು ಟೈಪ್ ಚೆಕಿಂಗ್ (ಯಾವ ಮೌಲ್ಯ ಯಾವ ಬಗೆಯದು ಅಂತ ಪರೀಕ್ಷಿಸುವುದು), ಅದರ ಫಲಿತಾಂಶವನ್ನು ಕ್ಯಾಶ್ ಮಾಡಿ, ಅಂದರೆ ಉಳಿಸಿಟ್ಟು ಮತ್ತೆ ಬಳಸಿ.

ಇನ್ನೊಂದು ಮಾತು. ಎಲ್‌ಎಸ್‌ಪಿಯಲ್ಲಿ (ಎಡಿಟರ್ ಮತ್ತು ಭಾಷೆಯ ಟೂಲ್ ಮಾತಾಡಿಕೊಳ್ಳುವ ಪ್ರೋಟೋಕಾಲ್) ಕಾಲಮ್ ಎಣಿಕೆ ಡೀಫಾಲ್ಟ್ ಆಗಿ ಯುಟಿಎಫ್-16 (ಅಕ್ಷರಗಳನ್ನು 16 ಬಿಟ್‌ಗಳ ಘಟಕಗಳಲ್ಲಿ ಇಡುವ ವಿಧಾನ) ಲೆಕ್ಕದಲ್ಲಿರುತ್ತದೆ. 'ಕ' ಅಕ್ಷರ ಯುಟಿಎಫ್-8ರಲ್ಲಿ 3 ಬೈಟ್, ಎಲ್‌ಎಸ್‌ಪಿಗೆ ಅದು 1. ಕನ್ನಡ ಸ್ಟ್ರಿಂಗ್ ಇರುವ ಸಾಲಿನಲ್ಲಿ ತಪ್ಪು ತೋರಿಸುವ ಕೆಂಪು ಗೆರೆ ಎಲ್ಲೋ ಬಲಕ್ಕೆ ಹೋಗಿ ಬಿದ್ದರೆ ಮೊದಲು ಇದನ್ನೇ ನೋಡಿ.