ಕಾಣಿಕೆ ಹಣದಲ್ಲಿ ಹೊರಗಿನವರಿಗೆ ಪಾಲು ಕೊಡಬಹುದಾ?

ಪ್ರಶ್ನೆ: ಸರ್, ನಮ್ಮ ಚರ್ಚ್ ಸಭೆಯ ಲೆಕ್ಕ ನೋಡ್ಕೊಳ್ಳೋನು ನಾನು. ತಿಂಗಳಿಗೊಂದು ಭಾನುವಾರದ ಕಾಣಿಕೇಲಿ ಅರ್ಧ ತೆಗೆದು ಜೀತದಿಂದ ಬಿಡಿಸೋರು, ಬಡವರ ಕೇಸು ಫ್ರೀಯಾಗಿ ನಡೆಸೋರು ಇಂಥ ಸಂಸ್ಥೆಗಳಿಗೆ ಕೊಡೋಣ ಅಂತ ಯುವಕರು ಕೇಳ್ತಿದ್ದಾರೆ. ಹಿರಿಯರು, ದೇವರಿಗೆ ಕೊಟ್ಟಿದ್ದು ದೇವರ ಮನೇಲೇ ಇರ್ಲಿ, ಮೊದ್ಲು ನಮ್ಮ ಖರ್ಚು ತೂಗಿಸಿ ಅಂತಾರೆ. ಏನ್ ಮಾಡ್ಲಿ?

ಉತ್ತರ: ಮೊದ್ಲು ಹಿರಿಯರ ಮಾತಿಗೇ ಬರ್ತೀನಿ. ವಾರದ ಮೊದಲನೇ ದಿನ ಪ್ರತಿಯೊಬ್ರೂ ಕೈಲಾದಷ್ಟು ತೆಗೆದಿಡಿ ಅಂತ ಅಪೊಸ್ತಲ ಪೌಲ ಕೊರಿಂಥದ ಸಭೆಯವರಿಗೆ ಬರೆದ್ನಲ್ಲ, ಬೈಬಲಿನಲ್ಲಿ ಅವರಿಗೆ ಬರೆದ ಮೊದಲ ಪತ್ರದ 16ನೇ ಅಧ್ಯಾಯ, ಆ ಹಣ ಕೊರಿಂಥದ ಸಭೆಗಲ್ಲ, ಎಷ್ಟೋ ದೂರದ ಜೆರುಸಲೇಮಿನವರಿಗೆ. ಕ್ರಿ.ಶ. 150ರ ಸುಮಾರಿಗೆ ರೋಮಿನಲ್ಲಿದ್ದ ಜಸ್ಟಿನ್ ಅನ್ನೋ ಕ್ರೈಸ್ತ ಬರಹಗಾರ ಕೂಡ ಭಾನುವಾರ ಕೂಡಿದ ಹಣ ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿರೋರಿಗೆ, ಪರಸ್ಥಳದವರಿಗೆ ಹೋಗ್ತಿತ್ತು ಅಂತ ಬರೆದಿಟ್ಟಿದ್ದಾನೆ. ಸೆರೆಯಲ್ಲಿರೋರು ಅನ್ನೋದನ್ನ ದಯವಿಟ್ಟು ಗಮನಿಸಿ, ನಿಮ್ಮ ಹುಡುಗ್ರು ಕೇಳ್ತಿರೋದೂ ಹೆಚ್ಚುಕಮ್ಮಿ ಅದನ್ನೇ ಅಲ್ವಾ.

ಆದ್ರೆ ಖರ್ಚಿನ ಚಿಂತೆ ಸುಳ್ಳಲ್ಲ. ಅಮೆರಿಕದ ಯೂನಿಟೇರಿಯನ್ ಯೂನಿವರ್ಸಲಿಸ್ಟ್ ಅನ್ನೋ ಉದಾರ ಪಂಗಡದ ಸಭೆಗಳಲ್ಲಿ ತುಂಬಾ ಕಡೆ ಕಾಣಿಕೆಯನ್ನ ಹೀಗೆ ಹೊರಗಿನವರ ಜೊತೆ ಹಂಚೋದು ರೂಢಿ, 'ಶೇರ್ ದ ಪ್ಲೇಟ್' (ಕಾಣಿಕೆ ತಟ್ಟೆ ಹಂಚೋದು) ಅಂತಾರೆ, ಅಲ್ಲಿ ಸಾಮಾನ್ಯವಾಗಿ ಸದಸ್ಯರು ವರ್ಷಕ್ಕಿಷ್ಟು ಅಂತ ಬೇರೆಯಾಗಿ ಮಾತು ಕೊಟ್ಟಿರ್ತಾರೆ, ಸಂಬಳ ರಿಪೇರಿ ಎಲ್ಲಾ ಹೆಚ್ಚಾಗಿ ಅದ್ರಲ್ಲೇ ನಡೆಯುತ್ತೆ, ಹಾಗಾಗಿ ತಟ್ಟೆಗೆ ಬಿದ್ದಿದ್ದನ್ನ ಹಂಚೋದು ಸುಲಭ. ನಿಮ್ಮಲ್ಲಿ ಹೇಗಿದೆ? ದಶಮಾಂಶದ (ಆದಾಯದ ಹತ್ತನೇ ಒಂದು ಪಾಲಿನ) ಕವರಲ್ಲಿ ಎಷ್ಟು, ಬಿಡಿ ಕಾಣಿಕೇಲಿ ಎಷ್ಟು ಬರುತ್ತೆ ಅಂತ ಒಂದು ವರ್ಷದ ಪುಸ್ತಕ ತೆಗೆದು ನೋಡಿ ಹಿರಿಯರ ಮುಂದಿಡಿ. ಬಿಡಿ ಕಾಣಿಕೆಯಿಂದಲೇ ಪಾಸ್ಟರ್ ಸಂಬಳ ಆಗ್ಬೇಕು ಅಂತಿದ್ರೆ ಅರ್ಧ ಬೇಡ, ಕಾಲು ಭಾಗದಿಂದ ಶುರು ಮಾಡಿ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸೋದು, ಚೀಲ ಹಿಡಿಯೋಕ್ ಮುಂಚೆ ಹೇಳ್ಬೇಕು. ಇವತ್ತಿನ ಬಿಡಿ ಕಾಣಿಕೇಲಿ ಇಷ್ಟು ಪಾಲು ಇಂಥವರಿಗೆ ಅಂತ ಹೇಳಿ ಆಮೇಲೆ ತಗೊಳ್ಳಿ, ಸಭೆಗೆ ಅಂತ ಕೊಟ್ಟಿದ್ದನ್ನ ಆಮೇಲೆ ಕಮಿಟಿ ಕೂತು ಬೇರೆಯವರಿಗೆ ಕಳಿಸೋದು ಕೊಟ್ಟವರಿಗೆ ಮಾಡೋ ಅನ್ಯಾಯ, ನ್ಯಾಯಕ್ಕೆ ಅಂತ ಎತ್ತೋ ಹಣ ಹಾಗೆ ಶುರುವಾಗಬಾರ್ದು. ಕವರ್ ಮೇಲೆ ಉದ್ದೇಶ ಬರೆದಿದ್ರೆ ಅದನ್ನ ಮುಟ್ಟೋ ಹಾಗಿಲ್ಲ.

ಸಂಸ್ಥೆಯ ರಿಜಿಸ್ಟ್ರೇಷನ್, ಆಡಿಟ್ ಆದ ಲೆಕ್ಕ ಕೇಳಿ ತಗೊಳ್ಳಿ. ಅಲ್ಲಿ ನೆಂಟರಿರೋ ಸದಸ್ಯರು ಆಯ್ಕೆಗೆ ಕೈ ಎತ್ತೋದು ಬೇಡ. ಪಕ್ಷಕ್ಕೆ, ಚುನಾವಣೆಗೆ ನಿಂತವರಿಗೆ ಒಂದು ರೂಪಾಯೂ ಹೋಗ್ಬಾರ್ದು. ಅನ್ನ ಹಂಚೋರನ್ನಷ್ಟೇ ಆರಿಸ್ಬೇಡಿ, ಕೂಲಿ ಯಾಕೆ ಸಿಕ್ಕಿಲ್ಲ ಅಂತ ಕೇಳೋಕೆ ಕೋರ್ಟಿಗೆ ಹೋಗೋರಿಗೆ ದುಡ್ಡು ಕೊಡೋರು ಕಮ್ಮಿ, ಅವ್ರಲ್ಲಿ ಒಬ್ಬರನ್ನ ಕರೆಸಿ ಆರಾಧನೆಯಲ್ಲೇ ಐದು ನಿಮಿಷ ಮಾತಾಡ್ಸಿ.

ಹಣ ಎಣಿಸೋವಾಗ ಇಬ್ರು ಇರ್ಲಿ. ಪೌಲನೂ ಜೆರುಸಲೇಮಿಗೆ ಕೂಡಿಸಿದ ಆ ಹಣದ ವಿಷ್ಯದಲ್ಲಿ ಯಾರೂ ತಪ್ಪು ಹೊರಿಸಬಾರ್ದು ಅಂತ ತನ್ನ ಜೊತೆಗಾರ ತೀತನ ಜೊತೆ ಬೇರೆ ಸಹೋದರರನ್ನೂ ಕಳಿಸಿದ್ದ. ಮುಂದಿನ ತಿಂಗಳು ಬಂದಿದ್ದೆಷ್ಟು, ಕಳಿಸಿದ್ದೆಷ್ಟು ಅಂತ ಸಭೆ ಮುಂದೆ ನೀವೇ ಓದಿ, ರಸೀದಿ ನೋಟಿಸ್ ಬೋರ್ಡಿಗೆ ಅಂಟಿಸಿ.