ಮೀನಿನ ಲೋಡಿನ ಪಿಕಪ್, ಸೋರುವ ಬ್ರೇಕ್ ಪೈಪ್

ಹಿಂದಿನ ಆಕ್ಸಲ್ ಹತ್ತಿರದ ಸ್ಟೀಲ್ ಬ್ರೇಕ್ ಪೈಪ್ ತುಕ್ಕು ಹಿಡಿದು ತೂತಾಗಿರಬೇಕು. ಗೋವಾದ ವಾಸ್ಕೋದಲ್ಲಿ ಪಿಕಪ್‌ನಲ್ಲಿ ಮೀನಿನ ಲೋಡ್ ಹೊಡೆಯುತ್ತೀರಿ, ಬ್ರೇಕ್ ಆಯಿಲ್ ಪದೇ ಪದೇ ಇಳಿಯುತ್ತದೆ ಅಂದಿದ್ದೀರಿ. ಕ್ರೇಟಿನಿಂದ ಸೋರುವ ಉಪ್ಪುನೀರು ಪೈಪಿನ ಕ್ಲಿಪ್ ಅಡಿ ನಿಲ್ಲುತ್ತದೆ. ನನ್ನ ಗಾಡಿಯಲ್ಲೂ ತೂತು ಅಲ್ಲೇ ಇತ್ತು. ಚಕ್ರದ ಒಳಬದಿ ಒದ್ದೆಯಿದ್ದರೆ ಮಾತ್ರ ಚಕ್ರದೊಳಗೆ ಬ್ರೇಕ್ ಒತ್ತುವ ವೀಲ್ ಸಿಲಿಂಡರ್ ಸೋರುತ್ತಿರಬಹುದು.

ರಿಪೇರಿ ಆಗುವವರೆಗೆ ಗಾಡಿ ಓಡಿಸಬೇಡಿ. ಆಯಿಲ್ ತುಂಬಿಸಿಕೊಂಡು ಅನಮೋಡ ಘಾಟ್ ಇಳಿಯುವುದಂತೂ ಬೇಡವೇ ಬೇಡ.

ಮೊದಲು ಪೈಪ್ ಒರೆಸಿ, ಒಬ್ಬರಿಂದ ಪೆಡಲ್ ಒತ್ತಿಸಿ, ಎಲ್ಲಿ ಜಿನುಗುತ್ತದೆ ನೋಡಿ. ನಟ್‌ಗಳಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿಯಿಡೀ ಬಿಡಿ. ಪೈಪಿನ ನಟ್ಟನ್ನು ಸುತ್ತಲೂ ಹಿಡಿಯುವ ಫ್ಲೇರ್ ನಟ್ ಸ್ಪ್ಯಾನರ್‌ನಲ್ಲೇ ಬಿಚ್ಚಿ, ಸಾದಾ ಸ್ಪ್ಯಾನರ್ ಹಾಕಿದರೆ ಮೂಲೆ ಸವೆದು ತಲೆನೋವು ಜಾಸ್ತಿ. ಹಳೇ ಪೈಪನ್ನೇ ಅಂಗಡಿಗೆ ಒಯ್ದು ಅದೇ ಅಳತೆಯದ್ದು, ತುದಿಯ ಫ್ಲೇರ್ (ಅಗಲಿಸಿದ ಬಾಯಿ) ಕೂಡ ಅದೇ ಥರದ್ದು ಮಾಡಿಸಿ. ಎಸಿಯವರ ತಾಮ್ರದ ಪೈಪ್ ಬೇಡ, ಅದುರಿ ಅದುರಿ ಬಿರುಕು ಬಿಡುತ್ತದೆ. ಎಂಸೀಲ್ ಮೆತ್ತುವುದೂ ಸುಮ್ನೆ ಜೀವಕ್ಕೆ ಕುತ್ತು.

ಗಾಡಿಯ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಆಯಿಲ್ ದರ್ಜೆ ಡಾಟ್ 3 ಅಂತಿದೆಯೋ 4 ಅಂತಿದೆಯೋ ನೋಡಿ ಅದನ್ನೇ ಹಾಕಿ. ಪೇಂಟ್ ಮೇಲೆ ಚೆಲ್ಲಿದರೆ ತಕ್ಷಣ ನೀರು ಸುರಿಯಿರಿ. ಸಾಮಾನ್ಯವಾಗಿ ಹಿಂದಿನ ಎಡ ಚಕ್ರದಿಂದ, ಪೈಪಿನೊಳಗೆ ಸೇರಿದ ಏರ್ ತೆಗೆಯಲು ಶುರು ಮಾಡಿ, ಆಮೇಲೆ ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ನಡುವೆ ಡಬ್ಬಿ ಖಾಲಿಯಾಗದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಮತ್ತೆ ಮೊದಲಿಂದ ಮಾಡಬೇಕು.

ಕೊನೆಗೆ ಎಂಜಿನ್ ಚಾಲೂ ಇಟ್ಟು ಒಂದು ನಿಮಿಷ ಪೆಡಲ್ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಮೆಲ್ಲಗೆ ಕೆಳಗಿಳಿದರೆ, ಪೈಪ್ ಒಣಗಿದ್ದರೂ, ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಅನ್ನು ಮೆಕ್ಯಾನಿಕ್‌ಗೆ ತೋರಿಸಿ.